ಹದಿನಾಲ್ಕನೇ ಗೂಡಿನಲ್ಲಿ ಸೊನ್ನೆ

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಅಮೃತಬಾಯಿಯನ್ನು ಕಳ್ಳಿ ಎಂದು ಗೋದಾಮಿನಿಂದ ಹೊರಗೆ ಹಾಕಿದರು. ಸೆರಗು ಜಾಡಿಸಿ ನೋಡಿದರು, ಬುತ್ತಿಯ ರೊಟ್ಟಿ ಒಂದೊಂದಾಗಿ ಎತ್ತಿ ನೋಡಿದರು, ಕಾಣೆಯಾದ ಕೈಗಡಿಯಾರ ಸಿಗಲಿಲ್ಲ, ಆದರೂ ಹೊರಗೆ ಹಾಕಿದರು.

ಟಿಣ್ — ಸಿ ಓಣಿ, ಗೂಡು ಒಂಬತ್ತು, ಕೊಬ್ಬರಿ ಎಣ್ಣೆ ಎರಡು, ತಾಂಡೂರಿನ ಯಾರದೋ ತಲೆಗೆ, ಗೂಡಿನ ಚೀಟಿಗೆ ಮಷೀನಿನ ಕೆಂಪು ಗೆರೆ ತೋರಿಸು, ಬಾಟಲಿಗೆ ತೋರಿಸು, ಟ್ರೇಗೆ ಹಾಕು, ಮುಂದೆ — ಕೈ ತಾನೇ ಮಾಡುತ್ತದೆ, ಕೈಗೆ ನನ್ನ ಅಪ್ಪಣೆ ಬೇಕಿಲ್ಲ, ಈ ಅಂಗೈಯಗಲದ ಮಷೀನಿನ ಅಪ್ಪಣೆ ಸಾಕು, ಇದರೊಳಗೆ ಯಾರು ಕೂತು ಎತ್ತ ಹೋಗು, ಏನು ತೆಗೆ, ಎಷ್ಟು ಸೆಕೆಂಡಿನಲ್ಲಿ ತೆಗೆ ಎನ್ನುತ್ತಾರೋ, ಎರಡು ವರ್ಷವಾಯಿತು, ಮುಖ ನೋಡಿಲ್ಲ. ಲಿಂಗರಾಜನ ಮುಖ ನೋಡಿದ್ದೇನೆ, ಸೂಪರ್‌ವೈಸರ್, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬೆಳಿಗ್ಗೆ ಬಾಗಿಲಲ್ಲೇ ನಿಂತಿದ್ದ, ಎಂದೂ ನಿಲ್ಲದವನು ಇವತ್ತೇಕೆ ನಿಂತಿದ್ದ, ನಾಷ್ಟಾ ಆತೇನು ಶಿವಗಂಗಾ ಎಂದ, ಎರಡು ವರ್ಷದಲ್ಲಿ ಕೇಳದವನು ಇವತ್ತು ಕೇಳಿದ, ಆಮೇಲೆ ಮೆಲ್ಲಗೆ, ನಿನ್ನೆ ನೀ ಆಕಿ ಬಾಜೂಕೇ ಇದ್ದಿ ಅಲ ಬಿ ಓಣಿಯಾಗ? ಇದ್ದೆ ಅಣ್ಣಾ. ಏನರ ನೋಡಿದೇನು? ಇಲ್ರಿ. ಹೂಂ, ನೋಡಿದ್ರ ಹೇಳು, ನಮ್ ಮಂದಿ ಹುಡುಗಿ ನೀ, ನಿನಗೇನೂ ಆಗಂಗ ನಾ ನೋಡ್ಕೋತೀನಿ — ನನಗೇನು ಆಗುವುದಿತ್ತು? ಏನು ತಿಳಿದಿದೆ ಇವನಿಗೆ? ಕಂಬದ ಮೇಲಿನ ಕ್ಯಾಮೆರಾ ಬಿ ಓಣಿಯ ಬಾಯಿಯನ್ನಷ್ಟೇ ನೋಡುತ್ತದೆ, ಒಳಗೆ ನೋಡುವುದಿಲ್ಲ, ಎಂದು ಹೇಳಿದವರು ಯಾರು, ಇವನೇ.

ಮೊಗುಡಂಪಲ್ಲಿಯಿಂದ ಬರುವ ವ್ಯಾನಿನಲ್ಲಿ ಅಮೃತಬಾಯಿ ಕೂರುತ್ತಿದ್ದ ಕಿಟಕಿ ಪಕ್ಕದ ಜಾಗ ಇವತ್ತೇ ತುಂಬಿತ್ತು, ಒಂದು ದಿನವೂ ಖಾಲಿ ಉಳಿಯಲಿಲ್ಲ, ಹಿಂದಿನ ಸೀಟಿನಿಂದ ಒಬ್ಬಳು, ಆಕಿ ಕೈ ಉದ್ದ ಇದ್ವು ಅನ್ನು, ಇನ್ನೊಬ್ಬಳು, ನಿನ್ ನಾಲಿಗಿಗಿಂತ ಉದ್ದ ಏನಲ್ಲ ಸುಮ್ ಕೂಡು, ಎಲ್ಲರೂ ನಕ್ಕರು, ನಾನೂ ನಕ್ಕೆ. ಆಕೆಯ ಗಂಡ ಬೀರಣ್ಣ ಕುರಿ ಹೊಡೆದುಕೊಂಡು ರಾಯಿಕೋಡ್ ಕಡೆಗೆ ಹೋಗಿದ್ದಾನೆ, ಇನ್ನೂ ಗೊತ್ತಿರಲಿಕ್ಕಿಲ್ಲ, ಅಥವಾ ಗೊತ್ತಾಗಿದೆ, ನಮ್ಮನ್ನೆಲ್ಲ ಕೆಲಸಕ್ಕೆ ಹಚ್ಚಿದ ಏಜೆಂಟನು ಆಕೆಯ ಫೋಟೋವನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಾನೆ, ಇವಳನ್ನು ಯಾವ ಗೋದಾಮಿನವರೂ ತೆಗೆದುಕೊಳ್ಳಬೇಡಿ ಎಂದು ಕೆಳಗೆ ಬರೆದು, ಗುರುತಿನ ಚೀಟಿಗೆಂದು ತೆಗೆದ ಫೋಟೋ ಅದು, ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕ ಫೋಟೋ.

ಟಿಣ್ — ಸಿ ಓಣಿ, ಇಪ್ಪತ್ತೊಂದು, ಸೋಪು ಆರು, ನಾರಾಯಣಖೇಡ. ಆ ಗಡಿಯಾರವೂ ನಾರಾಯಣಖೇಡದ ಆರ್ಡರಿನದೇ. ಗೂಡಿನಿಂದ ತೆಗೆದದ್ದಾಗಿದೆ ಎನ್ನುತ್ತದೆ ಕಂಪ್ಯೂಟರ್, ಹನ್ನೊಂದು ನಲವತ್ತೆರಡಕ್ಕೆ, ಅಮೃತಬಾಯಿಯ ಹೆಸರಿನಲ್ಲಿ, ಆದರೆ ಪ್ಯಾಕಿಂಗ್ ಟೇಬಲ್ಲಿಗೆ ಬರಲಿಲ್ಲ, ಹಾಗೆಂದವಳು ಪೂರ್ಣಿಮಾ. ಟೇಬಲ್ಲಿನಲ್ಲಿ ಕೂತು ಡಬ್ಬಿ ಕಟ್ಟುವ ಪೂರ್ಣಿಮಾ ನಿನ್ನೆಯಿಂದ ನನ್ನ ಮುಖ ನೋಡುತ್ತಿಲ್ಲ. ನೋಡದಿದ್ದರೆ ಏನು ಅರ್ಥ? ಬಂದಿದ್ದನ್ನೇ ಬಂದಿಲ್ಲ ಎಂದಳೆ? ಬೆಳಿಗ್ಗೆ ಟ್ರೇ ಇಡುವಾಗ ಕೇಳಿಯೇ ಬಿಟ್ಟೆ, ಪೂರ್ಣಿಮಾ, ಖರೆ ಹೇಳು, ಬಂದಿದ್ದಿಲ್ಲೇನು? ಅವಳು ಟೇಪು ಹರಿಯುತ್ತಾ, ನನ್ ಮಕ್ಕಳ ಆಣಿಗೂ ಬಂದಿದ್ದಿಲ್ಲ ಅಕ್ಕಾ, ನನ್ ಮ್ಯಾಲ್ ಸಂಶಯ ಮಾಡ್ತಿ ಏನು, ಎಂದಳು, ಮತ್ತೆ ತಲೆ ಎತ್ತದೆ, ಆಕಿ ಕೂಸು ಹಿಡಿದವಳು ನೀನೇ ಇದ್ದಿ ಅಲ.

ಕೂಸು. ಆ ಮಾತು ಅಲ್ಲಿ ಹೇಳಬಾರದಿತ್ತು, ಸುತ್ತ ಜನ ಇದ್ದರು. ನಮ್ಮ ಹೆಂಗಸರ ಮಾತು ಅದು, ಲಿಂಗರಾಜನಿಗೆ ತಿಳಿಯದ ಮಾತು, ತಿಳಿಯದು ಎಂದು ನಾವು ನಂಬಿದ ಮಾತು. ಆರು ನಿಮಿಷ ಮಷೀನು ಸುಮ್ಮನಿದ್ದರೆ ಅವನ ಬೋರ್ಡಿನ ಮೇಲೆ ನಮ್ಮ ಹೆಸರು ಹಳದಿಯಾಗುತ್ತದೆ, ದಿನಕ್ಕೆ ಮೂರು ಸಲ ಹಳದಿಯಾದರೆ ನಾಳೆಯಿಂದ ಬರಬೇಡ. ಪಾಯಿಖಾನೆ ಗೋದಾಮಿನ ಆ ತುದಿಗೆ, ಹೋಗಿ ಬರಲು ಒಂಬತ್ತು ನಿಮಿಷ, ತಿಂಗಳ ದಿನಗಳಲ್ಲಿ ಹದಿಮೂರು. ಈ ಲೆಕ್ಕ ಹಾಕಿದವನಿಗೆ ಹೊಟ್ಟೆ ಇರಲಿಲ್ಲವೆ, ಮನೆಯಲ್ಲಿ ಹೆಂಗಸರು ಇರಲಿಲ್ಲವೆ? ಅದಕ್ಕೆ ಹೋಗುವವಳು ತನ್ನ ಮಷೀನನ್ನು ಪಕ್ಕದವಳ ಕಂಕುಳಿಗೆ ತುರುಕಿ, ಏ, ನನ್ ಕೂಸು ಹಿಡಿ ಜರಾ, ಎಂದು ಓಡುತ್ತಾಳೆ, ಹಿಡಿದವಳು ಆಗೊಮ್ಮೆ ಈಗೊಮ್ಮೆ ಅದನ್ನು ಗೂಡಿನ ಚೀಟಿಗೆ ತೋರಿಸುತ್ತಾಳೆ, ಮಷೀನು ಎಚ್ಚರವಾಗಿರುತ್ತದೆ, ಹೆಸರು ಹಳದಿಯಾಗುವುದಿಲ್ಲ, ಸಾಮಾನು ಮುಟ್ಟುವುದಿಲ್ಲ, ಅದು ಕೂಸಿನ ತಾಯಿಯ ಕೆಲಸ. ಒಬ್ಬರ ಮಷೀನು ಇನ್ನೊಬ್ಬರು ಮುಟ್ಟಿದರೆ ಇಬ್ಬರೂ ಗೇಟಿನ ಹೊರಗೆ, ಎಂದು ಗೋಡೆಯ ಮೇಲೆ ಬರೆದಿದೆ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ. ನಿನ್ನೆ ಅಮೃತಬಾಯಿ ಬಿ ಓಣಿಯ ಹದಿನಾಲ್ಕನೇ ಗೂಡಿನ ಮುಂದೆ, ಅದೇ ಗಡಿಯಾರದ ಗೂಡು, ನಿಂತು ಹೊಟ್ಟೆ ಹಿಡಿದುಕೊಂಡಳು, ಗಂಗವ್ವಾ, ಆಗವಲ್ದು, ಹಿಡಿ ಕೂಸ್ನ, ಎಂದಳು. ಹಿಡಿದೆ. ಹನ್ನೊಂದೂವರೆ ದಾಟಿತ್ತೆ? ದಾಟಿತ್ತು.

ಹಾಗಾದರೆ ಆಕೆ ಅಲ್ಲಿರಲಿಲ್ಲ, ನಾನಿದ್ದೆ. ತೆಗೆದಿದ್ದರೆ ನಾನು ತೆಗೆದಿರಬೇಕು. ನಾನು ತೆಗೆದಿಲ್ಲ. ತೆಗೆದಿಲ್ಲವೆ? ನಿನ್ನೆಯಿಂದ ನನ್ನ ಚೀಲವನ್ನು ಎಷ್ಟು ಸಲ ನೋಡಿದೆ, ಹುಚ್ಚಿಯ ಹಾಗೆ, ಬುತ್ತಿಯ ಡಬ್ಬಿಯ ತಳವನ್ನೂ. ಲಿಂಗರಾಜ ಎಲ್ಲರ ಮುಂದೆ ಹೇಳಿದನಲ್ಲ, ಮನಷ್ಯಾ ಸುಳ್ ಹೇಳ್ತಾನ, ಕಂಪ್ಯೂಟರ್ ಹೇಳಂಗಿಲ್ಲ, ಸರಿ, ಸುಳ್ಳು ಹೇಳುವವರು ಯಾವಾಗಲೂ ಸೀರೆ ಉಟ್ಟವರೇ, ರೊಟ್ಟಿ ಕಟ್ಟಿಕೊಂಡು ಬರುವವರೇ. ಅಮೃತಬಾಯಿಯಾದರೂ ಬಾಯಿ ಬಿಡಲಿಲ್ಲ. ನಾ ಆ ಹೊತ್ತಿನ್ಯಾಗ ಇಲ್ಲಿ ಇದ್ದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು, ಮತ್ತೆ ಮಷೀನ್ ಯಾರ್ ಕೈಯಾಗಿತ್ತು ಎನ್ನುತ್ತಿದ್ದರು, ಅದಕ್ಕೆ ಹೇಳಲಿಲ್ಲ, ಸೆರಗು ಜಾಡಿಸಿಕೊಂಡಳು, ನನ್ನ ಕಡೆ ನೋಡಲೂ ಇಲ್ಲ, ನೋಡಿದರೆ ನಾನು ಸಿಕ್ಕಿಬೀಳುತ್ತೇನೆ ಎಂದು ನೋಡಲಿಲ್ಲ, ಅಥವಾ ನಾನೇ ಕದ್ದೆ ಎಂದುಕೊಂಡು ನೋಡಲಿಲ್ಲ. ಇದು ಯಾಕೆ ಈಗ ಹೊಳೆಯಿತು? ಆಕೆಗೂ ಸಂಶಯವೇ? ಇರಬೇಕು. ತಾನು ತೆಗೆದಿಲ್ಲವೆಂದು ಆಕೆಗೆ ಗೊತ್ತು, ಮಷೀನು ನನ್ನ ಕೈಯಲ್ಲಿತ್ತೆಂದು ಗೊತ್ತು, ಆದರೂ ಬಾಯಿ ಬಿಡದೆ ಹೋದಳು.

ಟಿಣ್ — ಬಿ ಓಣಿ, ಗೂಡು ಮೂರು, ಬಾಚಣಿಗೆ ಒಂದು. ಚೀಟಿಗೆ ತೋರಿಸಿದೆ, ಮಷೀನಿನ ತೆರೆ ಹಸಿರಾಯಿತು, ಎಂದರೆ ತೆಗೆದಾಯಿತು, ಮುಂದಿನ ಗೂಡು ಬಂತು — ತಡಿ. ಬಾಚಣಿಗೆ ಇನ್ನೂ ಗೂಡಿನಲ್ಲೇ ಇದೆ. ನಾನು ಮುಟ್ಟಿಲ್ಲ. ಮುಟ್ಟುವ ಮೊದಲೇ ಹಸಿರು. ಮೂರು ವಾರದ ಹಿಂದೆ ಏನೋ ಹೇಳಿದ್ದರು, ಬೆಳಗಿನ ಸಾಲಿನಲ್ಲಿ ನಿಲ್ಲಿಸಿ, ಹೈದರಾಬಾದಿನ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಹೇಳಿ ಕೈ ತಟ್ಟಿಸಿಕೊಂಡು ಹೋದ, ಸಣ್ಣ ಸಾಮಾನಿಗೆ ಗೂಡಿನ ಚೀಟಿ ಒಂದು ಸಲ ತೋರಿಸಿದರೆ ಸಾಕು, ನಾಲ್ಕು ಸೆಕೆಂಡು ಉಳಿಯುತ್ತದೆ ಎಂದೇನೋ ಲಿಂಗರಾಜ ಕನ್ನಡ ಮಾಡಿದ್ದ, ಚೀಟಿ ತೋರಿಸುವ ಕೈ, ಸಾಮಾನು ಎತ್ತುವ ಕೈ, ಎರಡೂ ಒಟ್ಟಿಗೇ ಓಡುವಾಗ ಹಸಿರು ಮೊದಲೋ ಸಾಮಾನು ಮೊದಲೋ ಯಾರು ನೋಡುತ್ತಾರೆ. ನಿನ್ನೆ ಕೂಸು ಎಚ್ಚರವಿರಲೆಂದು ನಾನು ತೋರಿಸಿದೆ, ಹದಿನಾಲ್ಕನೇ ಗೂಡಿನ ಚೀಟಿಗೇ, ಹಸಿರಾಯಿತು. ಆಕೆ ಬಂದಳು, ಮಷೀನು ಮುಂದಿನ ಗೂಡು ತೋರಿಸುತ್ತಿತ್ತು, ಎಂದೂ ಮುಟ್ಟದ ಗಂಗವ್ವ ಇವತ್ತು ತಾನೇ ಟ್ರೇಗೆ ಹಾಕಿರಬೇಕು ಎಂದುಕೊಂಡು ಮುಂದೆ ಹೋದಳು. ಹಾಗಾದರೆ ಗಡಿಯಾರ — ಹದಿನಾಲ್ಕು ಇಲ್ಲಿಂದ ಹನ್ನೊಂದು ಹೆಜ್ಜೆ. ಮಷೀನು ಆ ಕಡೆ ಹೋಗೆನ್ನುತ್ತಿಲ್ಲ, ಯಾರಿಗೂ ಹೋಗೆನ್ನುವುದಿಲ್ಲ, ಇದ್ದ ಒಂದೇ ಗಡಿಯಾರ ಹೋಗಿ ಅದರ ಲೆಕ್ಕದಲ್ಲಿ ಅಲ್ಲಿ ಸೊನ್ನೆ, ಸೊನ್ನೆ ಇರುವ ಗೂಡಿಗೆ ಯಾರನ್ನು ಕಳಿಸುತ್ತಾರೆ? ಆಕೆಯ ರೊಟ್ಟಿ ಎತ್ತಿ ನೋಡಿದ ಕೈಗಳಲ್ಲಿ ಒಂದಾದರೂ ಈ ಗೂಡಿನೊಳಗೆ ಹೋಗಿತ್ತೆ? ಹೋಗಲಿಲ್ಲ. ನಡೆದೆ. ದಾರಿ ತಪ್ಪಿದೆ ಎಂದು ಮಷೀನು ಒದರುತ್ತಿದೆ, ಒದರಲಿ. ಕೈ ಹಾಕಿದೆ, ಧೂಳು, ರಟ್ಟು, ಹಿಂದಿನ ಮೂಲೆಯಲ್ಲಿ ಚೌಕನೆಯ ಡಬ್ಬಿ, ಕಪ್ಪು ಪಟ್ಟಿಯ ಗಡಿಯಾರ, ಪ್ಲಾಸ್ಟಿಕ್ಕು ಕೂಡ ಹರಿದಿಲ್ಲ.

ಬಾಯಿ ಮುಚ್ಚಿಕೊಂಡು ಅಲ್ಲೇ ಬಿಟ್ಟುಬಿಡಬಹುದು, ಯಾರಿಗೂ ಗೊತ್ತಿಲ್ಲ, ಅಲ್ಲೇ ಇಟ್ಟರೆ ಅದು ಎಂದೆಂದೂ ಸೊನ್ನೆಯೇ — ಕಾಲು ಲಿಂಗರಾಜನ ಟೇಬಲ್ಲಿನ ಕಡೆಗೆ ನಡೆದಿದೆ. ಅಣ್ಣಾರ, ಗೂಡಿನ್ಯಾಗೇ ಅದ, ಆಕಿ ತಗೊಂಡಿಲ್ಲ. ಅವನು ಗಡಿಯಾರ ನೋಡಲಿಲ್ಲ, ನನ್ನ ಹಿಂದೆ ಯಾರಿದ್ದಾರೆಂದು ನೋಡಿದ. ಬೆರಗಾಗಲಿಲ್ಲ. ಯಾಕೆ ಬೆರಗಾಗಲಿಲ್ಲ? ಮೊದಲೇ ಗೊತ್ತಿತ್ತೆ? ಒದರಬ್ಯಾಡ, ಕೂಡು. ಕೂಡಂಗಿಲ್ರಿ. ಹಂಗಾರ ಕೇಳು, ರಿಪೋರ್ಟ್ ಮ್ಯಾಲ್ ಹೋಗ್ಯಾದ, ತಪ್ಪಾತು ಅಂದ್ರ ಸಾಫ್ಟ್‌ವೇರ್ ತಪ್ಪು ಅನ್ಬೇಕಾಗ್ತದ, ಅದು ಅನ್ನಾಕ ನನಗ ಬಾಯಿಲ್ಲ. ಮತ್ತ ಆಕಿಗೆ? ಆಕೀದು ಮುಗೀತು, ಕುರಿ ಅವ, ಕಾಯ್ಕೋತ ಇರ್ತಾಳ, ನಿಂದು ನೋಡು ನೀ, ಆ ಹೊತ್ತಿನ್ಯಾಗ ಮಷೀನ್ ಯಾರ್ ಕೈಯಾಗಿತ್ತು ಅಂತ ನಾ ಕೇಳ್ಬೇಕೇನು? — ಗೊತ್ತಿತ್ತು ಇವನಿಗೆ, ಕೂಸಿನ ಮಾತೂ ಗೊತ್ತಿತ್ತು, ಎಲ್ಲ ಗೊತ್ತಿದ್ದೇ ನಿನ್ನೆ ಆಕೆಯ ರೊಟ್ಟಿ ಎಣಿಸಿದ. ನನ್ನ ಮಷೀನು ತೆಗೆದುಕೊಂಡ, ಡಬ್ಬಿಗೆ ಕೆಂಪು ಗೆರೆ ತೋರಿಸಿದ, ಏನೇನೋ ಒತ್ತಿ ನನ್ನ ಕೈಗೇ ವಾಪಸು ಕೊಟ್ಟ, ನಿನ್ ಹೆಸರಿಲೇ ಇರಲಿ, ಎಸ್ ಒತ್ತು, ಹೊಸ ಮಾಲು ಬಂತು ಅಂತ ಆಗ್ತದ, ಯಾರಿಗೂ ತ್ರಾಸಿಲ್ಲ.

ನ್ಯೂ ಸ್ಟಾಕ್? ಎಸ್, ನೋ. ತೆರೆಯ ಮೇಲೆ ಮಿಣುಕುತ್ತಿದೆ. ಎಸ್ ಎಂದರೆ ಈ ಗಡಿಯಾರ ಇವತ್ತು ಹುಟ್ಟಿತು, ನಿನ್ನೆಯ ಗಡಿಯಾರ ಅಮೃತಬಾಯಿಯ ಸೆರಗಿನಲ್ಲೇ ಉಳಿಯಿತು, ಇನ್ನು ಯಾರು ಎಷ್ಟು ಹುಡುಕಿದರೂ ಸಿಗದ ಹಾಗೆ. ನ್ಯೂ ಸ್ಟಾಕ್? ಒತ್ತು ಶಿವಗಂಗಾ, ಯಾಕ್ ನಿಂತಿ, ಜಲ್ದಿ ಮಾಡು. ಹೊಸದಲ್ರಿ ಇದು. ಏ, ಹುಚ್ಚಿ, ನಿನ್ ನೌಕರಿ ಉಳಸ್ಲಾಕತ್ತೀನಿ ನಾ. ನ್ಯೂ ಸ್ಟಾಕ್? ಟೇಪು ಹರಿಯುವ ಸದ್ದು ನಿಂತಿದೆ, ಪೂರ್ಣಿಮಾ ಈಗ ನನ್ನ ಮುಖ ನೋಡುತ್ತಿದ್ದಾಳೆ. ನ್ಯೂ ಸ್ಟಾಕ್? ಹನ್ನೊಂದು ನಲವತ್ತೆರಡಕ್ಕ ಮಷೀನ್ ನನ್ ಕೈಯಾಗಿತ್ತು ಅಂತ ಬರಕೋರಿ, ಅಣ್ಣಾರ. ಒತ್ತಂದ್ರ ಒತ್ತು! ನ್ಯೂ ಸ್ಟಾಕ್? ನ್ಯೂ ಸ್ಟಾಕ್? ಒತ್ತಂಗಿಲ್ಲ.