ಮೂಕಚಿತ್ರದಲ್ಲಿ ಆಡಿದ ಮಾತು

ಲವೀನಿಯಾ ಪ್ರೌಟಿ ಒಂಬತ್ತು ವರ್ಷಗಳಲ್ಲಿ ನೂರಾ ಹದಿನಾಲ್ಕು ಚಿತ್ರಗಳಲ್ಲಿ ತಾಯಿಯಾಗಿದ್ದಳು. ಹೆತ್ತದ್ದು ಮಾತ್ರ ಒಂದೂ ಇಲ್ಲ. ಹಾಲಿವುಡ್ಡಿನ ಆ ಸ್ಟುಡಿಯೋದಲ್ಲಿ ಬಡಗಿಯಿಂದ ಹಿಡಿದು ನಾಯಕನವರೆಗೆ ಎಲ್ಲರಿಗೂ ಅವಳು ಪ್ರೌಟಿಯಮ್ಮ. ಸಾಯುವ ಮಗಳ ಹಾಸಿಗೆಯ ಪಕ್ಕ ಅವಳು ಮಂಡಿಯೂರಿದಳೆಂದರೆ ಥಿಯೇಟರಿಗೆ ಥಿಯೇಟರೇ ಕರವಸ್ತ್ರ ಹುಡುಕುತ್ತಿತ್ತು.

ಆ ದಿನ ಮಾತ್ರ ಅಂಥದೇ ದೃಶ್ಯ ತೆಗೆಯುವಾಗ ಕಣ್ಣೀರು ಬರಲೊಲ್ಲದು. ಮೂಕಚಿತ್ರವಾದ್ದರಿಂದ ಬಾಯಿಗೆ ಬಂದದ್ದು ಆಡಬಹುದಿತ್ತು. ತೆರೆಯ ಮೇಲೆ ಬರುವ ಬರಹವೇ ಬೇರೆ. ಸಾಯುವ ಮಗಳಿಗೆ ಅವಳು ಆಲೂಗಡ್ಡೆ ಸೂಪು ಮಾಡುವ ಬಗೆ ಹೇಳಿಕೊಟ್ಟದ್ದೂ ಉಂಟು.

“ಪ್ರೌಟಿಯಮ್ಮ, ನಿಮ್ಮ ಬೆನ್ನಷ್ಟೇ ಕಾಣೋದು,” ಎಂದ ನಿರ್ದೇಶಕ ಗ್ರೀವ್. “ಆದ್ರೆ ಬೆನ್ನೂ ಅಳಬೇಕು. ಯಾರಿಗೂ ಹೇಳದೆ ಇಟ್ಕೊಂಡದ್ದು ಏನಾದ್ರೂ ಇದ್ರೆ ಹೇಳ್ಬಿಡಿ. ಕೇಳೋರ್ಯಾರು?”

ಅವಳು ಹೇಳಿಬಿಟ್ಟಳು. “ಆಲ್ಮಾ, ಆರ್ಲೋ ನಿನ್ನನ್ನ ಕೇಳ್ಕೊಂಡು ಮೂರು ಸಲ ಬಂದಿದ್ದ. ನಿನಗೆ ಇಷ್ಟ ಇಲ್ಲ ಅಂತ ನಾನೇ ಸುಳ್ಳು ಹೇಳಿ ಕಳಿಸ್ದೆ.”

ಇಪ್ಪತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಪಾಪ ಅದು. ತಂಗಿ ಆಲ್ಮಾ ಆರು ವರ್ಷಕ್ಕೇ ಜ್ವರ ಬಂದು ಕಿವುಡಾದವಳು. ಅವಳು ಮದುವೆಯಾಗಿ ಹೋದರೆ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವವರಾರು, ತಾನು ನಾಟಕ ಕಂಪನಿಯ ಜೊತೆ ಊರೂರು ಸುತ್ತುವುದು ಹೇಗೆ? ಲವೀನಿಯಾಗೆ ಆಗ ಇದ್ದದ್ದು ಇಷ್ಟೇ ಯೋಚನೆ. ತಾಯಿ ಸತ್ತಳು, ಆರ್ಲೋ ಬೇರೆ ಮದುವೆಯಾದ. ಆಲ್ಮಾ ಅಕ್ಕನ ಮನೆಯಲ್ಲೇ ಉಳಿದಳು.

ಗ್ರೀವ್ ಅವಳ ಮುಖ ಕಾಣುವಂತೆ ಪಕ್ಕದಲ್ಲಿ ಎರಡನೆಯ ಕ್ಯಾಮೆರಾ ಇಟ್ಟಿದ್ದನೆಂದು ಗೊತ್ತಾದದ್ದು ವಾರದ ಮೇಲೆ, ಸ್ಟುಡಿಯೋದಲ್ಲಿ ಚಿತ್ರ ಹಾಕಿ ತೋರಿಸಿದಾಗ. ಗೋಡೆಯಗಲ ಮುಖ. ತುಟಿಯ ಮೇಲೆ ಒಂದೊಂದು ಮಾತೂ ಸ್ಪಷ್ಟ. ಆಲ್ಮಾ ತುಟಿ ನೋಡಿಯೇ ಮಾತು ತಿಳಿಯುವವಳು. ಅಕ್ಕನ ಒಂದು ಚಿತ್ರವನ್ನೂ ಬಿಡದೆ ನೋಡಿ ಬಂದು, ನಾಯಕ ನಾಯಕಿಯನ್ನು ತಬ್ಬಿಕೊಂಡು ಏನೇನು ಬೈದನೆಂದು ಊಟದ ಹೊತ್ತಿಗೆ ಹೇಳಿ ನಗಿಸುವವಳು.

“ಆ ತುಂಡು ತೆಗೆದುಬಿಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ,” ಎಂದಳು ಗ್ರೀವ್‌ಗೆ.

“ಅದನ್ನಾ? ಚಿತ್ರ ನಿಂತಿರೋದೇ ಅದರ ಮೇಲೆ, ಅಮ್ಮಾ!”

ಮನೆಯಲ್ಲಿ ತಂಗಿಗೆ, “ಈ ಚಿತ್ರ ದಂಡ ಕಣೆ, ಹೋಗ್ಬೇಡ,” ಎಂದಳು.

“ನಿನ್ನದು ಯಾವುದನ್ನ ಬಿಟ್ಟಿದ್ದೀನಿ, ವಿನ್ನೀ?” ಎಂದಳು ಆಲ್ಮಾ ತನ್ನ ಏರಿಳಿತವಿಲ್ಲದ ದನಿಯಲ್ಲಿ.

ಬಿಡುಗಡೆಯ ಮಧ್ಯಾಹ್ನ ಇಬ್ಬರೂ ಮುಂದಿನ ಸಾಲಿನಲ್ಲಿ ಕೂತರು. ಆ ದೃಶ್ಯ ಬಂದಾಗ ಹಿಂದಿನವರೆಲ್ಲ ಮೂಗು ಸೀಟುತ್ತಿದ್ದರು, ಆಲ್ಮಾ ಅಳಲಿಲ್ಲ. ಚಿತ್ರ ಮುಗಿದು ಲವೀನಿಯಾ ಎದ್ದಳು.

“ನೀನು ಹೋಗು. ನಾನು ಇನ್ನೊಂದು ಸಲ ನೋಡ್ತೀನಿ.”

ಲವೀನಿಯಾ ಮತ್ತೆ ಅವಳ ಪಕ್ಕದಲ್ಲೇ ಕೂತಳು. ಮತ್ತೆ ಚಿತ್ರ ಶುರುವಾಯಿತು, ಮತ್ತೆ ಅದೇ ಹಾಸಿಗೆ, ಅದೇ ಮುಖ. ಈ ಸಲ ಆಲ್ಮಾ ಕೊನೆಯ ಮಾತಿನವರೆಗೂ ನೋಡಿ, ಅಕ್ಕನ ಕಡೆ ತಿರುಗಿದಳು.

“ಮೂರು ಸಲವೂ ನಾನು ಮನೇಲೇ ಇದ್ನಾ?”

ಇರಲಿಲ್ಲ ಎಂಬ ಸುಳ್ಳು ಲವೀನಿಯಾಳ ನಾಲಗೆಯ ತುದಿಗೇ ಬಂತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

“ಇದ್ದೆ.”

“ನಾನು ಏನ್ಮಾಡ್ತಿದ್ದೆ?”

ತೆರೆಯ ಬೆಳಕು ಬೀಳುವಂತೆ ಲವೀನಿಯಾ ಮುಖ ತಿರುಗಿಸಿದಳು. “ಕೊನೇ ಸಲ ನೀನು ನನ್ನ ನಾಟಕದ ಬಟ್ಟೆ ಇಸ್ತ್ರಿ ಮಾಡ್ತಿದ್ದೆ,” ಎಂದಳು. “ಬಾಗಿಲಿಗೆ ಬೆನ್ನು ಹಾಕ್ಕೊಂಡು. ಅವನು ಬಡೀತಾನೇ ಇದ್ದ.”