ಸೇಕರನ ಮೂಗು, ಗೂಡಲೂರಿನ ಕೆಂಡ

ಸೇಕರ್ ಯಾರ ಮನೆಗೆ ಹೋದರೂ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ಕೊಕ್ಕರೆಯಂತೆ ಕತ್ತು ಚಾಚಿ, ಮೂಗರಳಿಸಿ ಗಾಳಿಯನ್ನು ಎಳೆದುಕೊಂಡು, ಆಮೇಲೆಯೇ ಒಳಗೆ ಕಾಲಿಡುವವನು. ಗ್ಯಾಸ್ ಒಲೆ ರಿಪೇರಿಯವನಿಗೆ ಇದು ತಕ್ಕ ನಡೆಯೆಂದು ಗೂಡಲೂರಿನ ನಮ್ಮ ಬೀದಿಯೆಲ್ಲ ನಂಬಿತ್ತು. ಆ ಮೂಗು ಹಿಂದೆಂದೋ ಸತ್ತುಹೋಗಿ, ಬರಿಯ ಮುಖದ ಅಲಂಕಾರವಾಗಿ ಉಳಿದಿದೆಯೆಂಬುದು ನನಗೆ ಮಾತ್ರ ತಿಳಿದಿತ್ತು.

ತಿಳಿದದ್ದು ಹೀಗೆ. ಒಂದು ಬೆಳಿಗ್ಗೆ ಅವನು ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚುತ್ತಿದ್ದ. ಅವನ ಬೆನ್ನ ಹಿಂದೆ ಕರೆಂಟ್ ಒಲೆಯ ಮೇಲೆ ಹಾಲಿಟ್ಟು ನಾನು ಹಿತ್ತಿಲಿಗೆ ಹೋದವಳು ಮರೆತೆ. ಹಾಲು ಸೀದು ಕರಕಲಾಗಿ, ಅದರ ನಾತ ಬೀದಿಗೆ ಮುಟ್ಟಿ, ನಾನು ಓಡಿಬಂದು ನೋಡಿದರೆ ಈ ಮನುಷ್ಯ ಒಂದು ಸ್ಕ್ರೂವಿನ ಜೊತೆ ನೆಮ್ಮದಿಯಾಗಿ ಮಾತಾಡುತ್ತ ಕೂತಿದ್ದ. ನನ್ನ ಮುಖ ಕಂಡ ಮೇಲೆ "ಅಯ್ಯೋ, ಹಾಲು!" ಎಂದ. ನಾನು ಅವನನ್ನು ನೋಡಿದೆ, ಅವನು ಸ್ಕ್ರೂವನ್ನು ನೋಡಿದ. ಹೇಳದೆ ಉಳಿದದ್ದೂ ಒಂದು ಮಾತೇ, ಅದನ್ನು ಕೇಳಿಸಿಕೊಳ್ಳುವುದಕ್ಕೆ ಶಾಲೆ ಬೇಕಾಗಿಲ್ಲ.

ಅಂದಿನಿಂದ ಅವನ ಚರ್ಯೆಗಳೆಲ್ಲ ನನಗೆ ಬೇರೆ ಅರ್ಥ ಕೊಡತೊಡಗಿದವು. ಬಿರುಬಿಸಿಲಿನಲ್ಲೂ ಬಿಡದ ಆ ಖಾಕಿ ಕೋಟು, ಅದರ ಜೇಬಿನಲ್ಲಿ ಗಡ್ಡಕ್ಕೆ ನೊರೆ ಹಚ್ಚುವ ಬ್ರಷ್ಷು, ಮುಚ್ಚಳದ ಲೋಟದಲ್ಲಿ ಸೋಪಿನ ನೊರೆ. ಪೈಪಿನ ಪ್ರತಿ ಕೀಲಿಗೂ ನೊರೆ ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಟ್ಟು ಕಾಯುವನು. ಏಳದಿದ್ದರೂ ಸಮಾಧಾನವಿಲ್ಲ, "ಇರಿ, ಇನ್ನೊಂದು ತಡವೆ" ಎಂದು ಮತ್ತೆ ಬಳಿಯುವನು. ಕೊನೆಗೆ ಮನೆಯ ಹೆಂಗಸನ್ನು ಕರೆದು, "ನಿಂಗೇನಾರ ನಾತ ಬರ್ತದಾ ತಾಯೀ?" ಎಂದು ಕೇಳುವನು. ಅದನ್ನು ಮರ್ಯಾದೆಯೆಂದು ತಿಳಿದು ಹೆಂಗಸರು ಹಿಗ್ಗುತ್ತಿದ್ದರು. ಅದು ಭಿಕ್ಷೆಯೆಂದು ನನಗೆ ಗೊತ್ತಿತ್ತು.

ನನ್ನ ಅಕ್ಕ ವೆಳ್ಳೈಯಮ್ಮಾಳ್ ಇರುವುದು ಗೂಡಲೂರಿನಿಂದ ಘಾಟಿ ಹತ್ತಿದ ಮೇಲೆ ಸಿಗುವ ಏಲಕ್ಕಿ ತೋಟದಲ್ಲಿ, ಮಗ ಸೊಸೆಯ ಜೊತೆ. ಹಿಂದಿನ ಯಾರೋ ಬಿಳಿ ದೊರೆ ಕಟ್ಟಿಸಿದ ಮನೆ. ನಡುಮನೆಯ ಗೋಡೆಯಲ್ಲಿ ಚಳಿ ಕಾಯಿಸಲು ಕಲ್ಲಿನ ಬೆಂಕಿಗೂಡು, ಅದರ ಮೇಲೆ ಹೊಗೆ ಹೋಗುವ ಗೂಡು. ಸೌದೆಯ ಹೊಗೆ ಕುಡಿದೂ ಕುಡಿದೂ ಅಕ್ಕನ ಎದೆ ತಿದಿಯಂತೆ ಸಿಳ್ಳೆ ಹಾಕತೊಡಗಿತು. ಹೊಗೆ ನಿಲ್ಲಬೇಕು, ಇಲ್ಲವೇ ಈಕೆ ಬೆಟ್ಟ ಇಳಿಯಬೇಕು ಎಂದರು ಕೆಳಗಿನ ಕಂಬಮ್ ಊರಿನ ಡಾಕ್ಟರು. ತಾನು ನೆಟ್ಟ ಏಲಕ್ಕಿಯ ನಡುವೆಯೇ ಇರುವೆನೆಂದು ಅಕ್ಕ ಹಟ ಹಿಡಿದಳು. ಬೆಂಕಿಗೂಡಿಗೆ ಗ್ಯಾಸ್ ಇಡಿಸುವುದೆಂದಾಯಿತು. ಸೇಕರನನ್ನು ಕರೆದರು.

ನಮ್ಮ ಮನೆಗಳಲ್ಲಿ ಹೊಸ ಒಲೆಗೆ ಕಡ್ಡಿ ಗೀರಿ ಬೆಂಕಿ ಹಚ್ಚುವ ವಾಡಿಕೆಯಿಲ್ಲ. ಹಳೆಯ ಮನೆಯ ಒಲೆಯಿಂದ ಕೆಂಡ ತಂದು, ಒಳ್ಳೆಯ ಹೊತ್ತು ನೋಡಿ, ಅದರಿಂದಲೇ ಹೊತ್ತಿಸಬೇಕು. ಅಂತೆಯೇ ಗೂಡಲೂರಿನ ಕೆಂಡವನ್ನು ಮಡಕೆಯಲ್ಲಿ ಬೂದಿ ಮುಚ್ಚಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ನಾನು ಜೀಪಿನಲ್ಲಿ ಘಾಟಿ ಹತ್ತಿದೆ. ಮುಂಚೆಯೇ ಬಂದಿದ್ದ ಸೇಕರ್ ನನ್ನನ್ನು ಗೇಟಿನಲ್ಲೇ ತಡೆದ.

"ಚಿಕ್ಕವ್ವಾ, ಆ ಕೆಂಡ ಮನೆ ವಾಸಲು ದಾಟಬಾರ್ದು."

ಬೆರಳು ಒದ್ದೆ ಮಾಡಿ ಗಾಳಿ ಬೀಸುವ ದಿಕ್ಕು ನೋಡಿ, ಅಂಗಳದ ಮೇಲ್ಗಡೆ ಒಂದು ಸೀಬೆ ಮರದ ಬುಡ ತೋರಿಸಿ, ನನ್ನನ್ನೂ ಕೆಂಡವನ್ನೂ ಅಲ್ಲಿ ಕೂರಿಸಿದ. ಮಗ ಸೊಸೆ ತೋಟಕ್ಕೆ ಹೋಗಿದ್ದರು. ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಬೆಟ್ಟದ ಮೇಲೆ ಮಾತು ದೂರದವರೆಗೆ ಬರುತ್ತದೆ, ನನಗೋ ಕಿವಿಯೇ ಕಣ್ಣು.

ಒಳ್ಳೆಯ ಹೊತ್ತು ಮೀರುತ್ತಿದೆಯೆಂದು ಅಕ್ಕ ಗೊಣಗುತ್ತಿದ್ದಳು. "ಏ ಸೇಕರಾ, ನಲ್ಲ ನೇರಂ ಹೋಯ್ತಾ ಅದೆ. ಆ ಪೈಪೇನು ಮದ್ವೆಗೆ ಕೂತ ಮಾಪಿಳ್ಳೈಯಾ, ಇಷ್ಟು ನೊರೆ ಬಳ್ದು ಮೊಕ ಹೆರೀತಿದ್ದೀಯಲ್ಲಾ?"

"ಇರು ದೊಡ್ಡವ್ವಾ, ಇನ್ನೊಂದು ತಡವೆ."

"ರಾವುಕಾಲ ಬಂದ್ರೆ ನಾನು ಹಚ್ಚಲ್ಲ ನೋಡು!"

ಸಿಲಿಂಡರನ್ನು ಅವನು ಹೊರಗೆ ಇಟ್ಟಿಗೆಯ ಗೂಡಿನಲ್ಲಿಟ್ಟು, ಅಲ್ಲಿಂದ ಗೋಡೆ ತೂರಿ ತಾಮ್ರದ ಪೈಪನ್ನು ಬೆಂಕಿಗೂಡಿಗೆ ತಂದಿದ್ದ. ಕಂಡ ಕೀಲುಗಳಲ್ಲೆಲ್ಲೂ ಗುಳ್ಳೆಯಿರಲಿಲ್ಲ. ಆದರೆ ಬರ್ನರ್ ಕೂರಿಸಿದ ಕಬ್ಬಿಣದ ಪೆಟ್ಟಿಗೆಯ ಹಿಂದೆ, ಕಲ್ಲಿಗೆ ಒತ್ತಿದಂತೆ ಇನ್ನೊಂದು ಕೀಲಿತ್ತು. ಅಲ್ಲಿಗೆ ಬ್ರಷ್ಷೂ ಹೋಗದು, ಕಣ್ಣೂ ಹೋಗದು. ಹೋಗುವುದು ಮೂಗೊಂದೇ.

"ದೊಡ್ಡವ್ವಾ, ಇಲ್ಲಿ ನೆಲದ ಮೇಲೆ ಕೂತು ಮೂಸಿ ನೋಡು. ಗ್ಯಾಸು ಮೇಲಕ್ಕೆ ಏರಲ್ಲ, ನೀರಿನಂಗೆ ನೆಲ ಹಿಡೀತದೆ."

ಅಕ್ಕನ ಮಂಡಿ ಲಟಕ್ಕೆಂದದ್ದು ಮರದಡಿಗೂ ಕೇಳಿಸಿತು. ಆಮೇಲೆ ಅವಳ ದನಿ: "ಏನೂ ಇಲ್ಲ ಹೋಗಪ್ಪಾ. ಕೆಂಡ ತರ್ಸು."

ಆ "ಇಲ್ಲ" ಕೊನೆಯಲ್ಲಿ ಮೇಲಕ್ಕೆದ್ದಿತು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದು "ನಾನಲ್ಲ" ಎನ್ನುವಾಗಲೂ ಅವಳ ದನಿ ಹಾಗೆಯೇ ಏಳುತ್ತಿತ್ತು. ನಾನು ಮಡಕೆ ಬಿಟ್ಟು ಎದ್ದು ನಿಂತೆ. ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸೇಕರ್ ಮಾತಾಡಿದ. ಕೇಳುವುದರಲ್ಲಿ ಅವನೂ ನನ್ನ ಪೈಕಿಯೇ ಇರಬೇಕು.

"ದೊಡ್ಡವ್ವಾ, ನನ್ ಮೂಗು ಸತ್ತು ವರ್ಸಗಳಾಯ್ತು. ಮಲ್ಲಿಗೇನೂ ಒಂದೇ, ಸಗಣೀನೂ ಒಂದೇ. ಊರಿಗೆ ಗೊತ್ತಾದ್ರೆ ಯಾರು ಕರೀತಾರೆ ಅಂತ ಸುಮ್ಕೆ ಮೂಗ ಅರಳಿಸ್ಕಂಡು ತಿರುಗ್ತಿದ್ದೆ. ಇವತ್ತು ಈ ಮನೇಲಿರಾದು ನಿನ್ನ ಮೂಗೊಂದೇ. ಈಗ ಹೇಳು, ಬರ್ತದಾ, ಇಲ್ವಾ?"

ಒಳಗೆ ಅಕ್ಕ ಇನ್ನೊಮ್ಮೆ ಉಸಿರೆಳೆದ ಸಿಳ್ಳೆ ಕೇಳಿಸಿತು.

"ಬರ್ತದಪ್ಪಾ," ಎಂದಳು ಅಕ್ಕ. "ಕೊಳ್ತ ಕೋಸಿನಂಗೆ. ಸಣ್ಣಕೆ."

ಸೇಕರ್ ಓಡಿಬಂದು ಸಿಲಿಂಡರ್ ಮುಚ್ಚಿದ. ಯಾವ ಸ್ವಿಚ್ಚನ್ನೂ ಮುಟ್ಟಬೇಡವೆಂದು ಹೇಳಿ ಅಕ್ಕನನ್ನು ಹೊರಗೆ ಕರೆತಂದು ನನ್ನ ಪಕ್ಕ ಕೂರಿಸಿದ. ಅವಳು ನನ್ನ ಮುಖ ನೋಡಲಿಲ್ಲ.

"ಬೆಲ್ಲದ ದನಿ ಕೇಳಿಸ್ತು ಅಕ್ಕಾ," ಎಂದೆ.

"ನೀನು ಸುಮ್ಕೆ ಕೆಂಡ ಊದು."

ಊದಿದೆ. ತೆಂಗಿನ ಚಿಪ್ಪಿನ ಚೂರು ಹಾಕಿ ಅದರ ಜೀವ ಹಿಡಿದೆ. ಒಳ್ಳೆಯ ಹೊತ್ತು ಹೋಯಿತು, ರಾವುಕಾಲ ಬಂದಿತು, ಅದೂ ಹೋಯಿತು. ಮನೆಗೆ ಗಾಳಿಯಾಡಿದ ಮೇಲೆ ಸೇಕರ್ ಪೆಟ್ಟಿಗೆಯನ್ನು ಪೂರಾ ಹೊರಗೆಳೆದು, ಆ ಕೀಲನ್ನು ಬಿಚ್ಚಿ ಹೊಸದಾಗಿ ಕೂಡಿಸಿ, ಸಿಲಿಂಡರ್ ತೆರೆದು ನೊರೆ ಬಳಿದು ನೋಡಿದ. ಇನ್ನೊಂದು ತಡವೆ, ಮತ್ತೊಂದು ತಡವೆ. ಪೆಟ್ಟಿಗೆಯನ್ನು ಒಳಗೆ ಕೂರಿಸಿ ಅಕ್ಕನನ್ನು ಮತ್ತೆ ನೆಲಕ್ಕಿಳಿಸಿದ. ಈ ಸಲ ಅವಳ "ಇಲ್ಲ" ಕಲ್ಲು ಬಿದ್ದಂತೆ ನೇರ ಬಿದ್ದಿತು. ಚಳಿಗಾಳಿ ಇಳಿಯುತ್ತದೆಂದು ಅಕ್ಕ ಮುಚ್ಚಿಡುತ್ತಿದ್ದ ಹೊಗೆಗೂಡಿನ ಮುಚ್ಚಳವನ್ನು, ಇನ್ನೆಂದೂ ಮುಚ್ಚಲಾಗದಂತೆ ತಂತಿಯಿಂದ ಬಿಗಿದು ಕಟ್ಟಿದ. "ಇದ ಮುಚ್ಚಿದ್ರೆ ಬೆಂಕಿ ನಿನ್ನ ಉಸುರನ್ನೇ ತಿಂತದೆ."

ಕೆಂಡಕ್ಕೆ ಬತ್ತಿ ಮುಟ್ಟಿಸಿ, ಉದ್ದ ಕೋಲಿಗೆ ಸಿಕ್ಕಿಸಿ ತಂದೆ. ಅಕ್ಕ ಕೋಲನ್ನು ಅವನ ಕೈಗೆ ಕೊಟ್ಟಳು.

"ಮನೆ ಹೆಂಗಸು ಹಚ್ಚಬೇಕಲ್ವಾ ದೊಡ್ಡವ್ವಾ?"

"ಮೂಗು ನಂದು, ಕೈ ನಿಂದು. ಹಚ್ಚಪ್ಪಾ."

ಬೆಂಕಿ ನೀಲಿಯಾಗಿ, ಹೊಗೆಯಿಲ್ಲದೆ ಹೊತ್ತಿಕೊಂಡಿತು. ಅಕ್ಕ ಅದರ ಮುಂದೆ ಕೂತು ಕೆಮ್ಮಿಲ್ಲದೆ ಬಹಳ ಹೊತ್ತು ಕಳೆದಳು. ಊಟಕ್ಕೆ ಬಡಿಸುವಾಗ ಮಾತ್ರ, "ಸಾರಿಗೆ ಇಂಗು ಹಾಕಿಲ್ಲ ಕಣೋ, ಚೆನ್ನಾಗಿ ಘಮಘಮಿಸ್ತದೆ ಅಂದೀಯಾ ಮತ್ತೆ!" ಎಂದು ಚುಚ್ಚಿದಳು. ಅವನು ನಕ್ಕ. ಆ ನಗುವಿನಲ್ಲಿ ಹೊರೆ ಇಳಿಸಿದವನ ಸದ್ದಿತ್ತು.

ನಾವು ಯಾರಿಗೂ ಹೇಳಲಿಲ್ಲ. ಹೇಳಿದವನು ಅವನೇ. ಈಗ ಅವನು ಹೊಸ್ತಿಲಲ್ಲಿ ಕತ್ತು ಚಾಚುವುದಿಲ್ಲ. "ನಂಗೆ ವಾಸನೆ ಬರಲ್ಲ ತಾಯೀ, ನೀವು ಹೇಳ್ಬೇಕು, ಸುಳ್ಳು ಹೇಳ್ಬಾರ್ದು" ಎಂದು ಹೇಳಿ ಒಳಗೆ ಹೋಗುತ್ತಾನೆ. ಕೆಲವರು ಕರೆಯುವುದನ್ನು ಬಿಟ್ಟರು, ಅವರನ್ನು ದೂರುವಂತಿಲ್ಲ. ನಾನು ಬಿಟ್ಟಿಲ್ಲ. ಎಲ್ಲವನ್ನೂ ಬಲ್ಲೆವೆಂದು ಮೂಗೆತ್ತಿ ಬಂದವರನ್ನು ಈ ವಯಸ್ಸಿಗೆ ಬೇಕಾದಷ್ಟು ಕಂಡಿದ್ದೇನೆ. ತನ್ನಲ್ಲಿ ಇಲ್ಲದ್ದನ್ನು ಇಲ್ಲವೆಂದು ಬಾಗಿಲಲ್ಲೇ ಹೇಳಿ, ಇದ್ದವರಿಂದ ಕೇಳಿ ಪಡೆಯುವವರು ವಿರಳ. ಅಂಥವರು ಬಂದರೆ ಅವರ ಕೈಗೆ ಮನೆಯ ಬೆಂಕಿಯನ್ನು ಕೊಡಬಹುದು.