ದೊಡ್ಡ ಎಮ್ಮು, ಚಿಕ್ಕ ಎಮ್ಮು

ದಶಾಂಶಮ್ಮ ಬಂದಳೆಂದರೆ ಆ ಕಚೇರಿಯ ನಾಲ್ಕು ಮಹಡಿಯೂ ಎದ್ದು ನಿಲ್ಲುತ್ತಿತ್ತು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾವ ಲೆಕ್ಕವನ್ನೂ ದಶಾಂಶದ ಮೂರನೆಯ ಸ್ಥಾನದವರೆಗೆ ಎಳೆಯದೆ ಬಿಡದ ಹೆಂಗಸಿಗೆ ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಎಲೆಕ್ಟ್ರಾನಿಕ್ ಸರ್ಕ್ಯೂಟುಗಳನ್ನು ಕಂಪ್ಯೂಟರಿನಲ್ಲಿ ಬರೆದು, ಬರೆದದ್ದನ್ನು ಅಲ್ಲಿಯೇ ಓಡಿಸಿ ನೋಡುವುದು ಅವಳ ಕೆಲಸ. ಬೆಸುಗೆಯಿಲ್ಲ, ಹೊಗೆಯಿಲ್ಲ, ಸುಟ್ಟ ಬೆರಳಿಲ್ಲ. ಒಂದು ಗುಂಡಿ ಒತ್ತಿದರೆ ಇನ್ನೂ ಹುಟ್ಟದ ಯಂತ್ರ ಪರದೆಯೊಳಗೆ ಬದುಕಿ, ಬಿಸಿಯಾಗಿ, ತಣ್ಣಗಾಗಿ, ತನ್ನ ಹಣೆಬರಹವನ್ನು ಬಣ್ಣದ ಗೆರೆಗಳಲ್ಲಿ ತಾನೇ ಬರೆದು ತೋರಿಸುತ್ತಿತ್ತು.

ಅವಳು ಬರೆದ ಸರ್ಕ್ಯೂಟು ಕೆಟ್ಟದ್ದನ್ನು ಕಂಡವರು ಆ ಊರಿನಲ್ಲಿ ಇರಲಿಲ್ಲ. ಕಂಡಿದ್ದರೂ ಹೇಳುವ ಗಂಡೆದೆ ಯಾರಿಗೂ ಇರಲಿಲ್ಲ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದು ಎದುರಿಗೇ ಕುಣಿದರೂ "ಪರದೆ ಒಪ್ಪಿದೆ" ಎಂದುಬಿಡುತ್ತಿದ್ದಳು. ಅಲ್ಲಿಗೆ ಮಾತು ಮುಗಿಯಿತು.

ಇಂಥ ದಶಾಂಶಮ್ಮ ಆ ಚಳಿಗಾಲದಲ್ಲಿ ಅತ್ತೆಗೊಂದು ಕಾಲುಮೆತ್ತೆ ಮಾಡಿಸಿದಳು. ಅತ್ತೆಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಪಾದಗಳು ಸದಾ ಕೊರೆಯುತ್ತಿದ್ದವು, ಆದರೆ ಮುಟ್ಟಿದರೆ, ಚುಚ್ಚಿದರೆ, ಸುಟ್ಟರೆ ಏನೂ ಗೊತ್ತಾಗುತ್ತಿರಲಿಲ್ಲ. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನನಗೆ ನೋಡು, ಎರಡು ಕಾಲಿದ್ದೂ ಒಂದೂ ಇಲ್ಲ!" ಎಂದು ಅತ್ತೆ ತಾನೇ ನಗುತ್ತಿದ್ದಳು. ಒಮ್ಮೆ ಬಿಸಿನೀರಿನ ಬಾಟಲಿ ಮಗುಚಿ, ಒಂದು ಬೆರಳು ಹೋಗಿಯೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಆ ಬೆರಳು ಉಳಿಯಿತು. "ಇನ್ನೊಂದು ಸಲ ಸುಟ್ಟರೆ ಬೆರಳಿನ ಮಾತಲ್ಲಮ್ಮ, ಪಾದದ ಮಾತು" ಎಂಬ ಅವರ ಎಚ್ಚರಿಕೆಯೂ ಮನೆಯಲ್ಲಿ ಉಳಿಯಿತು.

ಅದಕ್ಕೇ ಈ ಮೆತ್ತೆ. ಒಳಗೆ ಬಿಸಿಯಾಗುವ ತಂತಿ, ಶಾಖ ಅಳೆಯುವ ಒಂದು ಮಣಿ, ನಲವತ್ತೊಂದು ಡಿಗ್ರಿ ಮುಟ್ಟಿದ ಕೂಡಲೇ 'ಟಿಕ್' ಎಂದು ಕರೆಂಟು ಕಡಿಯುವ ಒಂದು ಚಿಪ್ಪು. ಪರದೆಯ ಮೇಲೆ ಓಡಿಸಿದಾಗ ಕೆಂಪು ಗೆರೆ ಏರಿ ಏರಿ ಸರಿಯಾಗಿ 41.000ದಲ್ಲಿ ತಲೆ ಬಾಗಿಸಿತ್ತು. ಹೊರಗಿನ ಪೆಟ್ಟು ಚಿಪ್ಪಿಗೆ ತಾಗದಿರಲೆಂದು ಮಣಿಗೂ ಚಿಪ್ಪಿಗೂ ನಡುವೆ ಅವಳು ಕರೆಂಟು ತಡೆಯುವ ಒಂದು ರೆಸಿಸ್ಟರ್ ಇಟ್ಟಿದ್ದಳು. ಅದರ ಪಕ್ಕದಲ್ಲಿ ಬರೆದ ಬೆಲೆ, ಒಂದು ಎಮ್.

ಬೋರ್ಡು ಜೋಡಿಸಿಕೊಟ್ಟವನು ಬೆಸುಗೆಯಣ್ಣ. ಮೂವತ್ತು ವರ್ಷ ಬೆಸುಗೆಯ ಹೊಗೆ ಕುಡಿದು, ಮೂಸಿಯೇ ರೆಸಿಸ್ಟರಿನ ಬೆಲೆ ಹೇಳಬಲ್ಲ ಮನುಷ್ಯ.

"ಅಮ್ಮಾ, ಇಲ್ಲಿ ಒಂದು ಮೆಗಾ ಇಟ್ಟಿದ್ದೀರಲ್ಲ, ಜಾಸ್ತಿ ಆಗಲ್ವಾ?" ಎಂದಿದ್ದ.

"ಪರದೆ ಒಪ್ಪಿದೆ ಅಣ್ಣಾ."

"ಪರದೆ ಒಪ್ಪಿದ ಮೇಲೆ ನಾನ್ಯಾವ ತೊಪ್ಪಲು ಬಿಡಿ" ಎಂದು ಅವನು ಹತ್ತು ಲಕ್ಷ ಓಮಿನ ರೆಸಿಸ್ಟರನ್ನು ಅಲ್ಲಿ ಬೆಸೆದಿದ್ದ.

ಇದಾಗಿ ಹನ್ನೊಂದು ದಿನ. ಆ ಮಧ್ಯಾಹ್ನ ಊಟ ಮುಗಿಸಿ ಬಂದ ದಶಾಂಶಮ್ಮ ನೀರಿನ ಟ್ಯಾಂಕಿನ ಅಳತೆಗೆ ಒಂದು ಪುಟ್ಟ ಸರ್ಕ್ಯೂಟು ಬರೆದು ಓಡಿಸಿದಳು. ಐದು ವೋಲ್ಟು, ಒಂದು ರೆಸಿಸ್ಟರ್, ಬೆಲೆ ಒಂದು ಎಮ್. ಇರುವೆಯ ಉಸಿರಿನಷ್ಟು ಕರೆಂಟು ಹರಿಯಬೇಕಿತ್ತು. ಪರದೆ ಐದು ಸಾವಿರ ಆಂಪಿಯರ್ ಎಂದಿತು.

ಐದು ಸಾವಿರ! ಅಷ್ಟು ಕರೆಂಟಿನಲ್ಲಿ ಒಂದು ಸೇತುವೆಯನ್ನು ಬೆಸೆದು, ಉಳಿದದ್ದರಲ್ಲಿ ಆಚೆ ದಡದ ಊರಿಗೆಲ್ಲ ನೀರು ಕಾಯಿಸಬಹುದು. ಅವಳಿಗೆ ನಗು ಬಂತು. ಪಕ್ಕದ ಮೇಜಿನವರನ್ನು ಕರೆದು ತೋರಿಸಬೇಕೆಂದು ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ಉಳಿಯಿತು.

ಎರಡು ತಿಂಗಳ ಹಿಂದೆ ಕಚೇರಿಯಲ್ಲಿ ಸಾಫ್ಟ್‌ವೇರು ಬದಲಾಗಿತ್ತು. ಹಳೆಯದರಲ್ಲಿ ದೊಡ್ಡ ಎಮ್ ಎಂದರೆ ಮೆಗಾ, ಹತ್ತು ಲಕ್ಷ. ಚಿಕ್ಕ ಎಮ್ ಎಂದರೆ ಮಿಲಿ, ಸಾವಿರದಲ್ಲೊಂದು ಪಾಲು. ಹೊಸದಕ್ಕೆ ಈ ದೊಡ್ಡವರು ಚಿಕ್ಕವರೆಂಬ ಭೇದವೇ ಇರಲಿಲ್ಲ. ಯಾವ ಎಮ್ ಬರೆದರೂ ಅದಕ್ಕೆ ಮಿಲಿಯೇ. ಮೆಗಾ ಬೇಕಿದ್ದರೆ 'ಮೆಗ್' ಎಂದು ಇಂಗ್ಲಿಷಿನ ಮೂರಕ್ಷರ ಬಿಡಿಸಿ ಬರೆಯಬೇಕಿತ್ತು. ಕೈಪಿಡಿಯ ಎರಡನೆಯ ಪುಟದಲ್ಲೇ ಅದು ಇತ್ತು. ಕೈಪಿಡಿ ಓದುವುದು ಬೇರೆಯವರಿಗೆ ಎಂದು ಅವಳು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದಳು.

ಮಿಲಿಗೂ ಮೆಗಾಕ್ಕೂ ನೂರು ಕೋಟಿ ಪಟ್ಟು ವ್ಯತ್ಯಾಸ. ಈ ಕಥೆಯಲ್ಲಿ ಉಪ್ಪು ಖಾರ ಹಚ್ಚದ ಲೆಕ್ಕ ಇದೊಂದೇ.

ಹಾಗಾದರೆ ಕಾಲುಮೆತ್ತೆಯ ಆ ಒಂದು ಎಮ್? ಪರದೆಯ ಪಾಲಿಗೆ ಅದು ಬರೀ ತಂತಿ. ಮಣಿ ಹೇಳಿದ ಮಾತು ಚಿಪ್ಪಿಗೆ ನೆಟ್ಟಗೆ ಕೇಳಿಸಿತು. ಮನೆಯಲ್ಲಿರುವ ನಿಜವಾದ ಬೋರ್ಡಿನಲ್ಲಿ ಅದು ಗೋಡೆ. ಮಣಿ 'ಸುಡ್ತಿದೆ' ಎಂದು ಅರಚಿದರೂ ಗೋಡೆಯಾಚೆಯ ಚಿಪ್ಪಿಗೆ ಕೇಳಿಸುವುದು 'ಬೆಚ್ಚಗಿದೆ' ಎಂದೇ.

ಹಳೆಯ ಕಡತ ತೆರೆದು, ಎಮ್ ಅಳಿಸಿ ಮೆಗ್ ಎಂದು ಬರೆದು ಓಡಿಸಿದಳು. ಕೆಂಪು ಗೆರೆ ನಲವತ್ತೊಂದನ್ನು ಕಂಡೂ ಕಾಣದಂತೆ ದಾಟಿತು. ನಲವತ್ತಮೂರು. ನಲವತ್ತಾರು. ನಲವತ್ತೊಂಬತ್ತರ ಹತ್ತಿರ ಹೋಗಿ ಬಾಗಿತು. ಅಲ್ಲಿಗೆ ಮುಟ್ಟಲು ಇಪ್ಪತ್ತು ನಿಮಿಷ. ಅಷ್ಟು ಶಾಖದಲ್ಲಿ ಆರೋಗ್ಯವಂತನೇ ಕಾಲು ಕಿತ್ತುಕೊಳ್ಳುತ್ತಾನೆ. ಕಿತ್ತುಕೊಳ್ಳಲು ಗೊತ್ತಾಗದವಳು?

ಗಡಿಯಾರ ನೋಡಿದಳು. ಎರಡೂ ಹತ್ತು. ಅತ್ತೆ ಮೆತ್ತೆಯ ಮೇಲೆ ಕಾಲಿಟ್ಟು ಮಲಗುವುದು ಎರಡು ಗಂಟೆಗೆ.

ಫೋನು ಹಚ್ಚಿದಳು. ಆ ತುದಿಯಲ್ಲಿ ಬಡಿದುಕೊಂಡು ಬಡಿದುಕೊಂಡು ಸತ್ತಿತು. ಮಲಗುವಾಗ ಅತ್ತೆ ಕಿವಿಯ ಯಂತ್ರ ತೆಗೆದಿಡುತ್ತಾಳೆ. ಆಮೇಲೆ ಆಕಾಶ ಕಳಚಿ ಬಿದ್ದರೂ ಅವಳಿಗೆ ಹತ್ತಿ ಬಿದ್ದಂತೆ. ಗಂಡ ಪರವೂರಿನಲ್ಲಿದ್ದ. ಕೆಳಮನೆಯ ದರ್ಜಿಗೆ ಫೋನು ಮಾಡಿ ಬಾಗಿಲು ಬಡಿಯಲು ಹೇಳಿದಳು. ಹೇಳುತ್ತ ಹೇಳುತ್ತಲೇ ಮೆಟ್ಟಿಲು ಇಳಿದಳು. ನಾಲ್ಕು ಮಹಡಿಗೆ ಅವಳು ತುಳಿದದ್ದು ಆರೇ ಮೆಟ್ಟಿಲು.

ಸ್ಕೂಟರು ರೈಲುಗೇಟಿಗೆ ಬಂದಾಗ ಗೇಟು ಅವಳ ಮೂಗಿನ ಮುಂದೆಯೇ ಬಿತ್ತು. ಅಂಥ ಉದ್ದದ ಗೂಡ್ಸು ಗಾಡಿಯನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಇಂಜಿನ್ನು ಮುಂದಿನ ಊರಿನಲ್ಲಿ ಕಲ್ಲಿದ್ದಲು ಇಳಿಸುತ್ತಿರಬೇಕು, ಕೊನೆಯ ಡಬ್ಬಿಗೆ ಇನ್ನೂ ಬಣ್ಣ ಬಳಿಯುತ್ತಿರಬೇಕು. ಒಂದೊಂದು ಡಬ್ಬಿ ದಾಟಿದಾಗಲೂ ಅವಳ ಕಣ್ಣೊಳಗೆ ಕೆಂಪು ಗೆರೆ ಒಂದು ಗೀಟು ಮೇಲೇರುತ್ತಿತ್ತು. ನಲವತ್ತೆರಡು, ನಲವತ್ತಮೂರು.

ಫೋನು ಕೂಗಿತು. ದರ್ಜಿ.

"ಅಮ್ಮಾ, ಬಾಗಿಲು ಬಡಿದೂ ಬಡಿದೂ ಕೈ ಊದಿಕೊಂಡಿತು. ಒಳಗಿಂದ ಚಿಲಕ ಹಾಕ್ಕೊಂಡಿದ್ದಾರೆ. ಉತ್ತರ ಇಲ್ಲ."

"ಕಿಟಕೀಲಿ ನೋಡಿದ್ರಾ?"

"ನೋಡ್ದೆ. ಮಲಗಿದ್ದಾರೆ. ಅಲುಗಾಡ್ತಿಲ್ಲ." ಅವನು ಮೂಸಿದ ಸದ್ದು ಕೇಳಿಸಿತು. "ಇನ್ನೊಂದು ವಿಷಯ. ಸುಟ್ಟ ವಾಸನೆ ಬರ್ತಿದೆ. ನನ್ನ ಇಸ್ತ್ರಿದೋ ನಿಮ್ಮನೇದೋ ಗೊತ್ತಾಗ್ತಿಲ್ಲ."

"ಇಸ್ತ್ರಿ ಆರಿಸಿ ಬಂದಿದ್ದೀರಾ?"

"ಅಯ್ಯಯ್ಯೋ!" ಎಂದವನೇ ಓಡಿದ. ಫೋನು ಅವನ ಕೈಯಲ್ಲೇ ಉಳಿದು, ಅವಳಿಗೆ ಬರೀ ಚಪ್ಪಲಿ ಸದ್ದು ಕೇಳಿಸಿತು.

ಗೇಟು ಎದ್ದಿತು. ಅಲ್ಲಿಂದ ಮನೆಗೆ ಅವಳು ಸ್ಕೂಟರು ಓಡಿಸಿದಳೋ, ಸ್ಕೂಟರನ್ನೇ ಹೊತ್ತುಕೊಂಡು ಓಡಿದಳೋ, ಕಂಡವರು ಎರಡನ್ನೂ ಹೇಳುತ್ತಾರೆ. ಮೇಲಿನ ವರಾಂಡಕ್ಕೆ ಬಂದು ಕಿಟಕಿಗೆ ಮುಖ ಒತ್ತಿದಾಗ ಗಂಟೆ ಎರಡೂ ಮೂವತ್ತೈದು. ಅತ್ತೆ ಅಂಗಾತ ಮಲಗಿದ್ದಳು. ಬಾಯಿ ತುಸು ತೆರೆದಿತ್ತು. ಹೊದಿಕೆಯ ತುದಿಯಲ್ಲಿ ಎರಡು ಪಾದ, ನೆಟ್ಟಗೆ, ಮೆತ್ತೆಯ ಮೇಲೆ. ಸುಟ್ಟ ಬಟ್ಟೆಯ ಕಮಟು ಮೂಗಿಗೆ ಹೊಡೆಯುತ್ತಿತ್ತು.

"ಅತ್ತೇ!"

ಪಾದಗಳು ಅಲುಗಲಿಲ್ಲ.

ದರ್ಜಿ ತನ್ನ ಮೊಳದುದ್ದದ ಕತ್ತರಿಯನ್ನು ಬಾಗಿಲ ಸಂದಿಗೆ ತೂರಿಸಿ ಚಿಲಕವನ್ನು ಎತ್ತತೊಡಗಿದ. "ಕೋಟು ಸುಟ್ಟೋಯ್ತು ಕಣಮ್ಮ, ಗಿರಾಕಿದು" ಎಂದು ಗೊಣಗುತ್ತಲೇ ಇದ್ದ. ವಾಸನೆ ಕೋಟಿನದು ಎಂದು ಕೇಳಿದರೂ ಅವಳ ಎದೆಯ ಭಾರ ಇಳಿಯಲಿಲ್ಲ. ಚರ್ಮ ಬೇಯುವುದಕ್ಕೆ ವಾಸನೆಯೇ ಬರಬೇಕೆಂದಿಲ್ಲ. ಚಿಲಕ ಟಣ್ಣೆಂದಿತು. ಅವಳು ಒಳಗೆ ಬಿದ್ದು, ಎದ್ದು, ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದಳು.

ತಣ್ಣಗಿದ್ದವು. ಕಲ್ಲಿನ ಹಾಗೆ.

ಆಗ ಅವಳ ಜೀವ ನಿಜಕ್ಕೂ ಬಾಯಿಗೆ ಬಂತು. ಅತ್ತೆಯ ಭುಜ ಹಿಡಿದು ಅಲ್ಲಾಡಿಸಿದಳು. ಅತ್ತೆ ಕಣ್ಣು ಬಿಟ್ಟು, ಕೆದರಿದ ತಲೆಯ ಸೊಸೆಯನ್ನೂ ಕತ್ತರಿ ಹಿಡಿದು ನಿಂತ ದರ್ಜಿಯನ್ನೂ ಕಂಡು, ಊರಿನ ಕಾಗೆಗಳೆಲ್ಲ ಹಾರಿಹೋಗುವಂತೆ ಕಿರುಚಿದಳು.

ಕಿವಿಯ ಯಂತ್ರ ಸಿಕ್ಕಿಸಿಕೊಟ್ಟ ಮೇಲೆ ಸಮಾಧಾನವಾಯಿತು. ಮೆತ್ತೆಯ ಪ್ಲಗ್ಗು ಗೋಡೆಯಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು.

"ಯಾರು ಕಿತ್ತದ್ದು?"

"ನಾನೇ. ಬೆಕ್ಕು ಎದ್ದು ಹೋಯ್ತಲ್ಲ."

"ಯಾವ ಬೆಕ್ಕು?"

ಅತ್ತೆ ಬೀರುವಿನ ಮೇಲಕ್ಕೆ ಕೈ ತೋರಿಸಿದಳು. ಅಲ್ಲಿ ಕೆಳಮನೆಯ ಬೂದುಬೆಕ್ಕು, ಊರಿಗೆ ತಾನೇ ಧಣಿ ಎಂಬಂತೆ ಕೂತಿತ್ತು.

"ಮಧ್ಯಾಹ್ನ ಅದನ್ನ ಕರ್ಕೊಂಡು ಬಂದು ಕಾಲ ಹತ್ರ ಮಲಗಿಸ್ಕೋತೀನಿ. ಬೆಚ್ಚಗಿರೋವರೆಗೆ ಗುರ್ ಅಂತಿರತ್ತೆ. ಬಿಸಿ ಜಾಸ್ತಿ ಆದ್ರೆ ಹೊಟ್ಟೆ ಮೇಲೆ ಹಾರಿ ಓಡತ್ತೆ. ನನಗೆ ಎಚ್ಚರ ಆಗತ್ತೆ, ಪ್ಲಗ್ಗು ಕೀಳ್ತೀನಿ. ನನ್ನ ಕಾಲಿಗೆ ಗೊತ್ತಾಗಲ್ಲ, ಅದರ ಹೊಟ್ಟೆಗೆ ಗೊತ್ತಾಗತ್ತಲ್ಲ."

"ಅಂದ್ರೆ ಜಾಸ್ತಿ ಬಿಸಿ ಆಗತ್ತೆ ಅಂತ ನಿಮಗೆ ಗೊತ್ತಿತ್ತಾ?"

"ದಿನಾ ಆಗತ್ತೆ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಅತ್ತೆ?"

ಅತ್ತೆ ಹೊದಿಕೆಯ ದಾರ ಎಳೆಯುತ್ತ ಕೂತಳು. "ಹೇಳಿದ್ರೆ ಪರದೆ ಒಪ್ಪಿದೆ ಅಂತಿದ್ದೆ. ನಿನ್ನ ಪರದೆ ಜೊತೆ ಯಾರು ಜಗಳ ಆಡ್ತಾರೆ ಮಗಳೇ. ಬೆಕ್ಕೇ ವಾಸಿ."

ಬಾಗಿಲಲ್ಲಿ ನಿಂತಿದ್ದ ದರ್ಜಿ ಕೆಮ್ಮಿ, "ಕೋಟು ನೋಡ್ಬೇಕು" ಎಂದು ಜಾರಿಕೊಂಡ.

ಸೊಸೆ ನೆಲದ ಮೇಲೆ ಕೂತು, ಪಾದಗಳನ್ನು ಬೆಳಕಿಗೆ ತಿರುಗಿಸಿ ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಬಲಗಾಲು ಸರಿಯಿತ್ತು. ಎಡಗಾಲಿನ ಹಿಮ್ಮಡಿಯಲ್ಲಿ, ಅತ್ತೆಯ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ, ಹುಣಸೆಬೀಜದಷ್ಟು ಒಂದು ಕಲೆ. ಒಣಗಿತ್ತು. ಸುತ್ತ ಚರ್ಮ ಕೆಂಪಗೆ ಬಿಗಿದಿತ್ತು.

"ಬೆಕ್ಕು ಯಾವತ್ತಿಂದ ಬರ್ತಿದೆ?"

"ಮೂರನೇ ದಿನದಿಂದ. ಯಾಕೆ? ಏನಾದ್ರೂ ಇದ್ಯಾ?"

ಮೊದಲ ಎರಡು ದಿನ ಈ ಪಾದ ಎಷ್ಟು ಹೊತ್ತು ಅಲ್ಲಿತ್ತು? ಲೆಕ್ಕ ಹಾಕಲು ಹೋದ ತಲೆ ಹೆದರಿ ಹಿಂದೆ ಸರಿಯಿತು. ಡಾಕ್ಟರಿಗೆ ಫೋನು ಮಾಡಿ ಸಂಜೆ ಐದಕ್ಕೆ ಸಮಯ ಕೇಳಿದಳು. ಆಮೇಲೆ ತನ್ನ ಕೆಲಸದ ಪೆಟ್ಟಿಗೆಯಿಂದ ಥರ್ಮಾಮೀಟರು ತಂದು, ಖಾಲಿ ಮೆತ್ತೆಯ ಮೇಲಿಟ್ಟು, ಪ್ಲಗ್ಗು ಚುಚ್ಚಿದಳು. ಅತ್ತೆ, ಸೊಸೆ, ಬೀರುವಿನ ಮೇಲಿನ ಬೆಕ್ಕು, ಮೂವರೂ ಉಸಿರು ಬಿಗಿಹಿಡಿದು ಅಂಕಿಗಳನ್ನು ನೋಡುತ್ತ ಕೂತರು. ನಲವತ್ತು. ನಲವತ್ತೊಂದು. ಸದ್ದಿಲ್ಲ. ನಲವತ್ತೈದು. ಸದ್ದಿಲ್ಲ. ಅವಳು ಅಂಗೈಯನ್ನು ಮೆತ್ತೆಯ ಮೇಲಿಟ್ಟು, ತಡೆಯಲಾರದೆ ಕಿತ್ತುಕೊಂಡು, ಮತ್ತೆ ಇಟ್ಟಳು. ನಲವತ್ತೊಂಬತ್ತಕ್ಕೆ 'ಟಿಕ್' ಎಂದಿತು.

ಪ್ಲಗ್ಗು ಕಿತ್ತು ಬೆಸುಗೆಯಣ್ಣನಿಗೆ ಫೋನು ಮಾಡಿದಳು. "ಅಣ್ಣಾ, ಆ ಒಂದು ಮೆಗಾ ಜಾಸ್ತಿ ಆಯ್ತು. ಎಷ್ಟಿಡೋಣ, ನೀವು ಹೇಳಿ."

"ಯಾರಮ್ಮ ಮಾತಾಡ್ತಿರೋದು?" ಎಂದ ಅವನು.

ಮರುದಿನ ಬೆಸುಗೆಯಣ್ಣನೇ ಮನೆಗೆ ಬಂದು ಆ ರೆಸಿಸ್ಟರ್ ಕಿತ್ತು ಒಂದು ಸಾವಿರ ಓಮಿನದು ಹಾಕಿದ. ಥರ್ಮಾಮೀಟರಿನ ಕೆಳಗೆ ಮೆತ್ತೆ ಹತ್ತು ಸಲ ಓಡಿತು, ಹತ್ತು ಸಲವೂ ನಲವತ್ತೊಂದಕ್ಕೆ ನಿಂತಿತು. ಹಿಮ್ಮಡಿಗೆ ಪಟ್ಟಿ ಸುತ್ತಿಸಿಕೊಂಡ ಅತ್ತೆ ಮಂಚದ ಮೇಲೆ ಬೆಕ್ಕನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ಹದಿನೈದು ದಿನ ನೋಡಿ ಹೇಳುತ್ತೇನೆ ಎಂದಿದ್ದರು ಡಾಕ್ಟರು.

"ಆಯ್ತಾ? ಈಗ ಕಾಲಿಡಲಾ?" ಎಂದು ಕೇಳಿದಳು ಅತ್ತೆ.

ದಶಾಂಶಮ್ಮ ಮೆತ್ತೆಯನ್ನು ನೋಡಿದಳು, ಅಂಕಿಯನ್ನು ನೋಡಿದಳು, ಪಟ್ಟಿ ಸುತ್ತಿದ ಪಾದವನ್ನು ನೋಡಿದಳು.

"ಗೊತ್ತಿಲ್ಲ ಅತ್ತೆ" ಎಂದಳು. "ಮೊದಲು ಅದರ ಮೇಲೆ ಬೆಕ್ಕನ್ನ ಬಿಡಿ."